ಸದ್ದು ಮಾಡದ ಮರಿ

ನಾಯಿಮರಿಯ ಬಾಯಿಗೆ ಒಂದು ವಾಸನೆ ಇರುತ್ತದೆ. ಹುಳಿಯಾದ ಹಾಲು, ಹಸಿ ಮಣ್ಣು, ಒಂದಿಷ್ಟು ಗೋಣಿಚೀಲ, ಎಲ್ಲ ಬೆರೆತಂಥ ವಾಸನೆ. ಮರಿ ಸಾಕಿದವರಿಗೆ ಅದು ಗೊತ್ತು, ಬಹಳ ಜನಕ್ಕೆ ಇಷ್ಟ ಕೂಡ. ಹೋದ ತಿಂಗಳು ಊರ್ಡಿಗೆರೆ ಹತ್ತಿರದ ಒಂದು ತೋಟದ ಮನೆಯಲ್ಲಿ ಆ ವಾಸನೆ ಮೂಗಿಗೆ ಬಡಿದಾಗ ನಾನು ನಿಂತಲ್ಲಿಂದ ಹಿಂದೆ ಸರಿದೆ. ತುಮಕೂರಿನ ನಮ್ಮ ಮನೆಗೆ ನಾಯಿ ಬೇಕೆಂದು ನನ್ನ ಮಕ್ಕಳಿಬ್ಬರೂ ಬಹಳ ದಿನದಿಂದ ತಲೆ ತಿಂದಿದ್ದರು. ನಾನು ಹೇಳದ ನೆಪವಿಲ್ಲ. ಪರೀಕ್ಷೆ ಮುಗಿಯಲಿ ಅಂದೆ, ಪಕ್ಕದ ಮನೆಯವರು ಜಗಳಕ್ಕೆ ಬರುತ್ತಾರೆ ಅಂದೆ, ಅಜ್ಜಿಗೆ ಕೆಮ್ಮು ಅಂದೆ. ನೆಪಗಳೆಲ್ಲ ಖರ್ಚಾದ ಮೇಲೆ ವಿಧಿಯಿಲ್ಲದೆ ಹೊರಟಿದ್ದೆವು. ತೋಟದ ಯಜಮಾನ ಬುಟ್ಟಿಗೆ ಕೈ ಹಾಕಿ, ಒಂದು ಮರಿಯನ್ನು ಕಿವಿ ಹಿಡಿದು ಮೇಲಕ್ಕೆತ್ತಿ, ನನ್ನ ಮುಖದ ಮುಂದೆ ತೂಗಾಡಿಸಿದ. "ನೋಡಿ ಮೇಡಂ, ಕುಂಯ್ ಅನ್ನಲ್ಲ. ಒಳ್ಳೆ ಜಾತಿ ಅಂದ್ರೆ ಇದೇಯ." ನನ್ನ ಮಗ ಆಸೆಯಿಂದ ಕೈ ಚಾಚಿದ. "ಮುಟ್ಬೇಡ!" ಎಂದು ನಾನು ಕೂಗಿದ್ದು ಎಷ್ಟು ಜೋರಾಗಿತ್ತೆಂದರೆ ಯಜಮಾನ ಮರಿಯನ್ನು ಕೈಬಿಟ್ಟೇಬಿಟ್ಟ.

ನಾನು ಹುಟ್ಟಿ ಬೆಳೆದ ಮನೆ ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದಿಂದ ಆಚೆ, ತೆಂಗಿನ ತೋಟದ ನಡುವೆ ಒಂಟಿಯಾಗಿತ್ತು. ಮನೆಯ ಅಟ್ಟದ ತುಂಬ ಕಾಯಿ. ಅವು ತಿಂಗಳುಗಟ್ಟಲೆ ಅಲ್ಲೇ ಬಿದ್ದುಕೊಂಡು, ಒಳಗಿನ ನೀರು ಆರಿ, ತಮ್ಮಷ್ಟಕ್ಕೆ ಕೊಬ್ಬರಿಯಾಗುತ್ತಿದ್ದವು. ಆಗಿದೆಯೋ ಇಲ್ಲವೋ ಎಂದು ಹೇಳುವುದು ನಮ್ಮ ತಾತ, ಅಪ್ಪನ ಅಪ್ಪ. ಒಂದು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವನು. ಚಿಪ್ಪಿನಿಂದ ಬಿಟ್ಟುಕೊಂಡ ಗಿಟುಕು ಒಳಗೆ ಲೊಡಲೊಡ ಅಂದರೆ ಮಾತ್ರ ಅದು ಕೆಳಗಿಳಿಯಬೇಕು. ತಾತ ಜಗತ್ತನ್ನೆಲ್ಲ ಹಾಗೆ ಕಿವಿಯಿಂದಲೇ ಅಳೆಯುತ್ತಿದ್ದ. ಬಸ್ಸಿನ ಸದ್ದು ಕೇಳಿ ಡ್ರೈವರ್ ಯಾರೆಂದು ಹೇಳುವನು, ಅಡುಗೆಮನೆಯ ಪಾತ್ರೆಗಳ ಸದ್ದು ಕೇಳಿ ಅವ್ವನ ಸಿಟ್ಟು ಇವತ್ತು ಎಷ್ಟು ಡಿಗ್ರಿ ಎಂದು ನಮಗೆ ಕಣ್ಣು ಮಿಟುಕಿಸುವನು. ಅವನು ತಪ್ಪುವುದು ತೀರ ಅಪರೂಪ. ಅದಕ್ಕೇ ನಮಗೆಲ್ಲ ಅವನ ಮೇಲೆ ಅಷ್ಟೊಂದು ನಂಬಿಕೆ.

ಆ ವರ್ಷ ತೋಟದ ಕಡೆ ಚಿರತೆ ಓಡಾಡುತ್ತಿತ್ತು. ನಮ್ಮ ಹಳೆಯ ನಾಯಿ ಒಂದು ಬೆಳಿಗ್ಗೆ ಇರಲಿಲ್ಲ. ಸರಪಳಿ ಮಾತ್ರ ಹಾಗೇ ಬಿದ್ದಿತ್ತು, ಕೊರಳಪಟ್ಟಿಯ ಸಮೇತ. ನನಗೆ ಒಂಬತ್ತು ವರ್ಷ, ತಮ್ಮ ಶಿವೂಗೆ ನಾಲ್ಕು. ಅವನೋ ಏರೋಪ್ಲೇನ್ ಚಿಟ್ಟೆ ಕಂಡರೆ ಸಾಕು, ಅದರ ಹಿಂದೆ ತೋಟದ ಕೊನೆಯವರೆಗೂ ಓಡುವವನು. ಅವ್ವನಿಗೆ ಒಲೆಯ ಮುಂದೆ ಕೂತರೂ ಜೀವ ಬಾಗಿಲಲ್ಲಿ. "ಮಕ್ಳಿರೋ ಮನೆ ಮಾವ, ಎಲ್ಲಿಂದಾದ್ರೂ ಒಂದು ಮರಿ ತಂದ್ಬುಡಿ. ಬೊಗಳೋದಾದ್ರೂ ಕೇಳ್ಸಿದ್ರೆ ಧೈರ್ಯ" ಎಂದು ತಾತನಿಗೆ ಹೇಳಿದಳು. ತಾತ ಮಾರನೆಯ ದಿನವೇ ನನ್ನನ್ನು ಕರೆದುಕೊಂಡು ಕುಣಿಗಲ್ ಬಸ್ಸು ಹತ್ತಿದ. ಅಲ್ಲಿ ಅತ್ತೆಯ ಮನೆ, ಅಂದರೆ ತಾತನ ಮಗಳ ಮನೆ. ಅವರ ನಾಯಿ ಮರಿ ಹಾಕಿದೆ ಎಂಬ ಸುದ್ದಿ ಬಂದಿತ್ತು.

ಅತ್ತೆಯ ಗಂಡ ನಮ್ಮನ್ನು ಕೊಟ್ಟಿಗೆಗೆ ಕರೆದೊಯ್ದ. ಮರಿಗಳು ಹುಲ್ಲಿನ ಮೇಲೆ ಒಂದರ ಮೇಲೊಂದು ಬಿದ್ದುಕೊಂಡಿದ್ದವು. ತಾಯಿ ನಾಯಿಯ ಕತ್ತಿನಲ್ಲಿ ಕೂದಲು ಕಿತ್ತುಹೋಗಿ, ಗಾಯ ಒಣಗಿ ಕಪ್ಪಾಗಿತ್ತು. "ಏನಾಯ್ತು ಅಳೀಮಯ್ಯ?" ಎಂದು ತಾತ ಕೇಳಿದ. "ಯಾವ್ದೋ ಊರಾಚೆ ನಾಯಿ ಮಾವ, ಹೋದ್ ತಿಂಗ್ಳು ಕೊಟ್ಟಿಗೆಗೆ ನುಗ್ಗಿ ತಾಯಿ ಮರಿ ಎಲ್ಲಾನು ಕಚ್ಚಾಡ್ಬುಡ್ತು. ಓಡಿಸ್ದೋ ಬುಡಿ." ಆ ಮಾತು ಅಲ್ಲಿಗೇ ನಿಂತಿತು. ತಾತ ಕುಕ್ಕರಗಾಲಲ್ಲಿ ಕೂತು ಪರೀಕ್ಷೆ ಶುರು ಮಾಡಿದ. ನಮ್ಮ ಕಡೆ ಮರಿ ಆರಿಸುವ ಕ್ರಮವೇ ಅದು: ಕಿವಿ ಹಿಡಿದು ಎತ್ತಬೇಕು, ಕಿರುಚಿದರೆ ಅಂಜುಬುರುಕ, ಸುಮ್ಮನಿದ್ದರೆ ಗಂಡೆದೆಯ ನಾಯಿ. ಮೊದಲನೆಯದು ಊರಿಗೆಲ್ಲ ಕೇಳುವಂತೆ ಅರಚಿತು. ಇನ್ನೊಂದು ಉಚ್ಚೆ ಹೊಯ್ದುಕೊಂಡಿತು. ಮತ್ತೊಂದು ತಾತನ ಕೈಯನ್ನೇ ಕಚ್ಚಲು ತಿರುಗಿತು. ಕೊನೆಗೆ ಮೂಲೆಯಲ್ಲಿ ಒಂಟಿಯಾಗಿ ಮಲಗಿದ್ದ ಕಪ್ಪು ಮರಿಯನ್ನು ಎತ್ತಿದ. ಅದು ಗಾಳಿಯಲ್ಲಿ ಒದ್ದೆ ಬಟ್ಟೆಯ ಹಾಗೆ ನೇತಾಡಿತು. ಕಣ್ಣು ತೆರೆದಿತ್ತು, ಸದ್ದಿಲ್ಲ. ತಾತನ ಮುಖ ಅರಳಿದ್ದು ಈಗಲೂ ನನ್ನ ಕಣ್ಣ ಮುಂದಿದೆ. "ನೋಡ್ದೇನವ್ವ? ಇದು ಕಣೇ ನಾಯಿ ಅಂದ್ರೆ!" ದಾರಿ ಗುರುತು ಸಿಕ್ಕಬಾರದೆಂದು ಅದನ್ನು ಗೋಣಿಚೀಲದಲ್ಲಿ ಹಾಕಿ, ಬಾಯಿ ಕಟ್ಟಿ, ಬಸ್ಸಿನಲ್ಲಿ ನನ್ನ ಕಾಲ ಬಳಿ ಇಟ್ಟ. ಊರು ಸೇರುವವರೆಗೂ ಚೀಲ ಮಿಸುಕಾಡಲಿಲ್ಲ. ಒಳಗೆ ಏನೂ ಇಲ್ಲವೇನೋ ಎಂದು ನಾನು ಆಗಾಗ ಕಾಲಬೆರಳಿನಿಂದ ಮುಟ್ಟಿ ನೋಡುತ್ತಿದ್ದೆ.

ಮನೆಗೆ ಬಂದವನೇ ತಾತ ಮರಿಯನ್ನು ಒರಳುಕಲ್ಲಿಗೆ ಸುತ್ತು ಹಾಕಿಸಿದ. ಹಾಗೆ ಮಾಡಿದರೆ ಮನೆ ಬಿಟ್ಟು ಹೋಗುವುದಿಲ್ಲವಂತೆ. "ಇವ್ನು ಮೌನಿ ಸ್ವಾಮ್ಗಳು ಕಣ್ರಲಾ, ಅಡ್ಡಬೀಳಿ" ಎಂದು ನಗಾಡಿದ. ಮರಿಗೆ ಮೌನಿ ಎಂದೇ ಹೆಸರಾಯಿತು. ಶಿವೂಗೆ ಊಟ ತಿಂಡಿ ಏನೂ ಬೇಡ, ಮೌನಿಯನ್ನು ಅಂಗಿಯೊಳಗೆ ಹಾಕಿಕೊಂಡು ತಿರುಗಬೇಕು. ಅದರ ಹಾಲುಹಲ್ಲು ತಾಗಿ ಅವನ ಮುಂಗೈ ಮೇಲೆ ಕೆಂಪು ಗೀರುಗಳು, ನನ್ನ ಕಾಲ ಮೇಲೂ ಒಂದೆರಡು. ಅವ್ವ ಅರಿಶಿನ ಸವರಿ ಬಿಟ್ಟಳು. "ಹಾಲು ಕುಡಿಯೋ ಮರಿ, ಏನ್ ಮಾಡೀತು" ಅಂದಳು. ಅದು ನಮ್ಮ ಮನೆಯೊಂದರ ಮಾತಲ್ಲ, ಊರಿಗೆ ಊರೇ ಹಾಗೆ ತಿಳಿದಿತ್ತು. ಆದರೆ ಮರಿ ಬಿಸಿಲಿಗೆ ಬರುತ್ತಿರಲಿಲ್ಲ. ರಾಗಿ ಮೂಟೆಯ ಹಿಂದಿನ ಕತ್ತಲಲ್ಲಿ ಹೋಗಿ ಕೂರುವುದು, ಗೋಡೆಯ ಮಣ್ಣು ನೆಕ್ಕುವುದು. ಬೊಗಳಲಿ ಎಂದು ಶಿವು ತಾನೇ ಬೊಗಳಿ ತೋರಿಸುತ್ತಿದ್ದ. ಮೌನಿ ಅವನನ್ನು ದಾಟಿ ಎಲ್ಲೋ ನೋಡುತ್ತಿತ್ತು. ಹೊಸ ಜಾಗ, ಒಗ್ಗಿಕೊಳ್ಳುತ್ತದೆ ಎಂದು ದೊಡ್ಡವರು ಅಂದರು.

ಆಮೇಲೆ ಅದು ಹಾಲು ಬಿಟ್ಟಿತು. ತಟ್ಟೆಗೆ ಮೂತಿ ಇಡುವುದು, ಆದರೆ ಹಾಲು ಒಳಗೆ ಇಳಿಯದು. ಕೆಳದವಡೆ ಜೋತುಬಿದ್ದು ನೊರೆ ನೊರೆ ಜೊಲ್ಲು ಸುರಿಯತೊಡಗಿತು. ತಾತ ಅದನ್ನು ಹಗಲು ಬೆಳಕಿಗೆ ತಂದು, ಜಗುಲಿಯ ಮೇಲೆ ಮಂಡಿಯ ನಡುವೆ ಹಿಡಿದು ಬಾಯಿ ಬಿಡಿಸಿದ. "ಗಂಟ್ಲಲ್ಲಿ ಮೂಳೆ ಸಿಕ್ಕಾಕ್ಕೊಂಡದೆ ಕಣವ್ವ" ಎಂದು ಅವ್ವನಿಗೆ ಹೇಳಿ, ಎರಡು ಬೆರಳನ್ನು ಗಂಟಲಿನವರೆಗೂ ಇಳಿಸಿ ತಡಕಾಡಿದ. ತಾತನ ಬೆರಳುಗಳನ್ನು ನೀವು ನೋಡಬೇಕಿತ್ತು. ವರ್ಷಗಟ್ಟಲೆ ಕಾಯಿ ಸುಲಿದು, ಮಟ್ಟೆಯ ನಾರು ಕೊಯ್ದು ಕೊಯ್ದು, ಬೆರಳ ಗೆಣ್ಣುಗಳಲ್ಲೆಲ್ಲ ಸೀಳು. ಅವಕ್ಕೆ ಅವನು ಕೊಬ್ಬರಿ ಎಣ್ಣೆ ತುಂಬಿಕೊಳ್ಳುತ್ತಿದ್ದ. ಮೂಳೆ ಸಿಗಲಿಲ್ಲ. ಮರಿ ಕಚ್ಚಲೂ ಇಲ್ಲ, ಕಚ್ಚುವ ಶಕ್ತಿ ಅದರ ದವಡೆಗೆ ಇರಲಿಲ್ಲ. ತಾತ ಕೈಯನ್ನು ಪಂಚೆಗೆ ಒರೆಸಿಕೊಂಡು ಎದ್ದ. ಅಪ್ಪ, ಅವ್ವ, ನಾನು, ಶಿವು, ಎಲ್ಲರೂ ಸುತ್ತ ನಿಂತು ನೋಡುತ್ತಿದ್ದೆವು. ಮರುದಿನ ಮೌನಿ ಸತ್ತಿತು. ಶಿವು ಅತ್ತು ಅತ್ತು ಸುಸ್ತಾದ. ತಾತ ತೆಂಗಿನ ಬುಡದಲ್ಲಿ ಗುಂಡಿ ತೋಡಿ ಹೂತ.

ಅದಾದ ಸ್ವಲ್ಪ ದಿನಕ್ಕೇ ಕುಣಿಗಲ್ಲಿನಿಂದ ಅತ್ತೆಯ ಗಂಡ ಬೆವರು ಒರೆಸಿಕೊಳ್ಳುತ್ತ ಬಂದ. ಅವರ ತಾಯಿ ನಾಯಿಗೆ ಹುಚ್ಚು ಹಿಡಿದು, ಕರುವನ್ನು ಕಚ್ಚಿ, ಜನ ಹೊಡೆದು ಹಾಕಿದ್ದರು. "ನಿಮ್ಮ ಮರಿ ಹೆಂಗದೆ?" ಎಂದು ಅವನು ಬಾಗಿಲಲ್ಲೇ ಕೇಳಿದ. ಅವ್ವ ಶಿವುವಿನ ಕೈ ಹಿಡಿದು ಆ ಗೀರುಗಳನ್ನು ನೋಡಿದಳು, ಅವು ಆಗಲೇ ಮಾಯುತ್ತಿದ್ದವು. ಅವತ್ತೇ ಗುಬ್ಬಿಗೆ ಹೊರಟೆವು. ಹೊಕ್ಕುಳ ಸುತ್ತ ಸೂಜಿ ಚುಚ್ಚುತ್ತಿದ್ದ ಕಾಲ ಅದು, ಒಂದು ದಿನವೂ ತಪ್ಪಿಸುವಂತಿರಲಿಲ್ಲ. ಮೊದಲ ದಿನ ಡಾಕ್ಟರು ಕೇಳಿದರು, "ಮರಿ ಯಾರ್ಯಾರನ್ನ ಕಚ್ಚಿದೆ?" ತಾತ ನಮ್ಮಿಬ್ಬರನ್ನೂ ಮುಂದೆ ನೂಕಿದ. "ನಿಮ್ಮನ್ನ ಕಚ್ತಾ ಯಜಮಾನ್ರೇ?" "ಇಲ್ಲ ಕಣಪ್ಪ, ನನ್ಯಾಕೆ ಕಚ್ಚೀತು. ಮಕ್ಳನ್ನ ನೋಡಿ ಮೊದ್ಲು." ಅದು ಸತ್ಯವೇ. ಕಚ್ಚಿರಲಿಲ್ಲ. ಅಷ್ಟು ದಿನವೂ ನಮ್ಮನ್ನು ಬಸ್ಸಿನಲ್ಲಿ ಕರೆದೊಯ್ದದ್ದು ತಾತನೇ. ಶಿವುವಿನ ಕಾಲುಗಳನ್ನು ಅಲ್ಲಾಡದಂತೆ ಹಿಡಿದುಕೊಳ್ಳುವನು, ಹಿಡಿದ ಕೈಗಳ ಆ ಸೀಳು ಬೆರಳುಗಳು ಡಾಕ್ಟರ ಸೂಜಿಯಿಂದ ಗೇಣುದೂರದಲ್ಲಿರುತ್ತಿದ್ದವು. ಆಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಬೆಣ್ಣೆ ಬಿಸ್ಕತ್ತು ಕೊಡಿಸಿ, ದಾರಿಯುದ್ದಕ್ಕೂ ನಗಿಸಿಕೊಂಡು ಬರುವನು. ಮನೆಯವರೆಲ್ಲರ ಕಣ್ಣೂ ನಮ್ಮ ಮೇಲೆಯೇ. ನೀರು ಕುಡಿದೆವೋ ಇಲ್ಲವೋ ಎಂದು ಅವ್ವ ಗುಟುಕು ಗುಟುಕಿಗೂ ನೋಡುವಳು.

ಸೂಜಿಗಳು ಮುಗಿದವು. ಅವ್ವ ಹೋಳಿಗೆ ಮಾಡಿದಳು. ಮಳೆ ಒಂದೆರಡು ಬಂದು ಹೋದವು, ಹೊಸ ಕಾಯಿ ಅಟ್ಟ ಸೇರಿತು. ತಾತ ಕೂತಲ್ಲಿ ನಿಂತಲ್ಲಿ ಬಲಗೈ ಬೆರಳು ಕೆರೆದುಕೊಳ್ಳಲು ಶುರು ಮಾಡಿದ್ದು ಆಗ. "ಒಳ್ಗಡೆ ಇರುವೆ ಹರಿದಂಗಾಯ್ತದೆ" ಅನ್ನುವನು. ಎಣ್ಣೆ ಹಚ್ಚಿದ, ಸುಣ್ಣ ಹಚ್ಚಿದ. ಒಂದು ಬೆಳಿಗ್ಗೆ ಅವ್ವ ಎಂದಿನಂತೆ ಚೊಂಬಿನಲ್ಲಿ ನೀರು ತಂದು ಮುಂದೆ ಹಿಡಿದಳು. ತಾತ ಅದನ್ನು ತುಟಿಗೆ ಒಯ್ದ. ಅವನ ಕತ್ತು ಬಿಗಿಯಿತು, ಮುಖ ತಾನಾಗಿ ಆಚೆ ತಿರುಗಿತು, ಚೊಂಬು ಕೆಳಗೆ ಬಿತ್ತು. ನೀರು ಜಗುಲಿಯ ಮೇಲೆ, ಅವನು ಮರಿಯನ್ನು ಮಂಡಿಯ ನಡುವೆ ಹಿಡಿದಿದ್ದ ಜಾಗದವರೆಗೂ ಹರಿಯಿತು. ಅವ್ವ ನೀರನ್ನು ನೋಡಿದಳು, ತಾತನ ಬೆರಳನ್ನು ನೋಡಿದಳು. ಅವಳ ಬಾಯಿಂದ "ಮೂಳೆ..." ಎಂಬ ಒಂದು ಮಾತು ಬಂತು. ತಾತನಿಗೂ ಆ ಕ್ಷಣವೇ ಅರ್ಥವಾಯಿತು. ಅವನು ಹೆದರಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ತುಮಕೂರಿನ ಆಸ್ಪತ್ರೆಗೆ ಕರೆದೊಯ್ದರು. ಇನ್ನು ಏನೂ ಮಾಡುವಂತಿಲ್ಲ, ಬೇಕಾದರೆ ಮನೆಗೆ ಕರೆದುಕೊಂಡು ಹೋಗಿ ಅಂದರಂತೆ. ಊರಿಗೆ ವಾಪಸ್ ಬಂದವನೇ ತಾತ ನೆಟ್ಟಗೆ ಕಾಯಿ ಮನೆಗೆ ನಡೆದ, ಅಟ್ಟದ ಕೆಳಗಿನ ಕೋಣೆಗೆ. "ಆಚೆಯಿಂದ ಚಿಲ್ಕ ಹಾಕೊ. ನಾನು ಕೂಗಿದ್ರೂ ತೆಗೀಬ್ಯಾಡ. ಮಕ್ಳು ಹತ್ರ ಬರ್ಬಾರ್ದು" ಎಂದು ಅಪ್ಪನಿಗೆ ಹೇಳಿದ. ಅಪ್ಪ ಚಿಲಕ ಹಾಕಲಾರದೆ ಬಾಗಿಲಿಗೆ ತಲೆ ಒತ್ತಿ ನಿಂತ. ಹಾಕಿದ್ದು ಅವ್ವ. ಅಪ್ಪ ಒಳಗೆ ಹೋಗಿ ಬಂದು ಮಾಡುತ್ತಿದ್ದ, ಪ್ರತಿ ಸಲವೂ ತಾತ ಚಿಲಕದ ಸದ್ದಿಗೆ ಕಾಯುತ್ತಿದ್ದ. ನಮ್ಮನ್ನು ಅಂಗಳ ದಾಟಲು ಬಿಡಲಿಲ್ಲ. ಅಲ್ಲಿಂದ ಕಿಟಕಿಯ ಸರಳು ಕಾಣುತ್ತಿತ್ತು, ಸರಳಿನ ಮೇಲೆ ಅವನ ಕೈ. ಮಧ್ಯಾಹ್ನದ ಹೊತ್ತು ಅವನ ದನಿ ಕೇಳಿಸಿತು, ಅವನದಲ್ಲವೆಂಬಷ್ಟು ಒಡೆದ ದನಿ. "ಮಕ್ಳಿಗೆ ಸೂಜಿ ಎಲ್ಲಾನು ಹಾಕ್ಸಿದ್ರೇನವ್ವ? ಒಂದೂ ತಪ್ಪಿಸ್ಲಿಲ್ವಲ್ಲ?" ಕಿಟಕಿಯ ಕೆಳಗೆ ಕೂತಿದ್ದ ಅವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು, ತೆಗೆದು, ಹೇಳಿದಳು: "ಹಾಕ್ಸಿದ್ರಲ್ಲ ಮಾವ. ನೀವೇ ಕರ್ಕೊಂಡ್ ಹೋಗಿದ್ರಲ್ಲ." ಒಳಗಿನಿಂದ "ಹ್ಞೂಂ, ಹಂಗಾದ್ರೆ ಸರಿ" ಎಂದು ಬಂತು. ಆಮೇಲೆ ನಮಗೆ ಅರ್ಥವಾಗುವಂಥ ಮಾತೇನೂ ಬರಲಿಲ್ಲ.

ಆ ಮನೆ ಈಗಿಲ್ಲ. ಅಪ್ಪ ನಮ್ಮನ್ನು ಗುಬ್ಬಿಗೆ ಕರೆತಂದ. ತೋಟಕ್ಕೆ ನುಸಿರೋಗ ಬಿತ್ತು, ಯಾರಿಗೋ ಹೋಯಿತು. ಹೆಂಚು, ಕಂಬ, ಬಾಗಿಲುಗಳನ್ನು ಒಬ್ಬೊಬ್ಬರು ಒಯ್ದರು. ಒರಳುಕಲ್ಲು ಮಾತ್ರ ಬಯಲಲ್ಲಿ ಉಳಿದಿದೆಯೆಂದು ಶಿವು ಹೋಗಿ ನೋಡಿಕೊಂಡು ಬಂದ. ಆರಡಿಯ ಆಳಾಗಿ ಬೆಳೆದ ಅವನು ನಾಯಿ ಕಂಡರೆ ಈಗಲೂ ರಸ್ತೆ ದಾಟುತ್ತಾನೆ. ನೀವೂ ನಿಮ್ಮ ಮನೆಗಳಲ್ಲಿ ಯಾರನ್ನೋ ಕಳೆದುಕೊಂಡಿರುತ್ತೀರಿ. ಹೋದವರನ್ನು ನೆನೆಯುವಾಗ ಒಂದು ಸಣ್ಣ ಪ್ರಶ್ನೆಯನ್ನು ತಿರುಗಿಸಿ ತಿರುಗಿಸಿ ಕೇಳಿಕೊಳ್ಳುವ ಸಂಕಟ ನಿಮಗೂ ಗೊತ್ತಿರುತ್ತದೆ. ನನ್ನ ಕಿವಿಯಲ್ಲಿ ಉಳಿದಿರುವುದು ಡಾಕ್ಟರು ಕೇಳಿದ ಆ ಪ್ರಶ್ನೆ, ತಾತ ಕೊಟ್ಟ ಆ ನಿಜವಾದ ಉತ್ತರ.

ಊರ್ಡಿಗೆರೆಯ ಯಜಮಾನನಿಗೆ ಬುಟ್ಟಿಯಲ್ಲಿ ಎಲ್ಲಕ್ಕಿಂತ ಜೋರಾಗಿ ಅರಚುತ್ತಿದ್ದ ಕಂದು ಮರಿ ಕೊಡಿ ಅಂದೆ. "ಅದು ಬರೀ ಅಳುಬುರುಕ ಮೇಡಂ" ಎಂದು ಅವನು ನಕ್ಕ. ಕೊಡಿ ಅಂದೆ. ಸುಮ್ಮನಿದ್ದ ಆ ಇನ್ನೊಂದನ್ನು ಇವತ್ತೇ ಡಾಕ್ಟರಿಗೆ ತೋರಿಸಿ, ಯಾರೂ ಬಾಯಿಗೆ ಕೈ ಹಾಕಬೇಡಿ ಎಂದು ಅವನಿಂದ ಮಾತು ತೆಗೆದುಕೊಂಡೆ. ಅದು ಬರೀ ನಿದ್ದೆಗಣ್ಣಿನ ಮರಿಯೇ ಇರಬಹುದು. ಇರಲಿ. ತುಮಕೂರಿಗೆ ಬಂದು ಮೊದಲು ಪಶುವೈದ್ಯರ ಬಳಿ ಹೋಗಿ, ಆಮೇಲೆ ಮನೆಗೆ. ಅವ್ವ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದಳು. ಗಂಡೋ ಹೆಣ್ಣೋ, ಯಾವ ಬಣ್ಣ, ಏನೂ ಕೇಳಲಿಲ್ಲ. "ಸದ್ದು ಮಾಡ್ತದೇನೇ?" ಅಂದಳು. ನಾನು ಹೇಳಬೇಕಾಗಲೇ ಇಲ್ಲ. ನನ್ನ ಮಗಳ ತೋಳಿನಲ್ಲಿ ಮರಿ ಬೀದಿಗೆಲ್ಲ ಕೇಳುವಂತೆ ಕಿರುಚುತ್ತಿತ್ತು. ಅವ್ವ ಕಣ್ಣು ಮುಚ್ಚಿ ಬಹಳ ಹೊತ್ತು ಅದನ್ನು ಕೇಳುತ್ತ ಕೂತಳು. ತಾತ ಇದ್ದಿದ್ದರೆ ಅದನ್ನು ವಾಪಸ್ ಬುಟ್ಟಿಗೆ ಹಾಕುತ್ತಿದ್ದ.