ತಗಡಪ್ಪನ ನಾಲ್ಕನೆಯ ನಾಮಕರಣ

ಒಂದು ಊರಿನವರಿಗೆ ಬಿಟ್ಟು ಬೇರೆ ಯಾರಿಗೂ ಹೇಳದೆ ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಈಗ ಹೇಳಿಬಿಡುತ್ತೇನೆ. ಆಕಾಶದ ಯಂತ್ರಗಳ ಮೂರು ಇಂಗ್ಲಿಷ್ ಸಿನಿಮಾಗಳಿಗೆ ನಾನು ಕನ್ನಡದಲ್ಲಿ ಹೆಸರಿಟ್ಟಿದ್ದೇನೆ, ಮೂರರಲ್ಲಿ ಒಂದನ್ನೂ ನೋಡಿಲ್ಲ. ಕೂಸಿನ ಮುಖವನ್ನೇ ನೋಡದೆ ಕಿವಿಯಲ್ಲಿ ಹೆಸರು ಕೂಗಿ ಊಟಕ್ಕೆ ಕೂತ ಸೋದರತ್ತೆಯ ಪಾಪ ನನ್ನದು.

ಹೀಗೆ ಕಣ್ಣುಮುಚ್ಚಿ ಕೆಲಸ ಮಾಡುವ ಮನುಷ್ಯ ನಾನಲ್ಲ ಎಂಬುದೇ ಇಲ್ಲಿನ ತಮಾಷೆ. ನಾನು ಹುಟ್ಟಾ ಸಂಶಯದ ಪ್ರಾಣಿ. ನಮ್ಮೂರಿನ ಸೂಪರ್ ಮಾರ್ಕೆಟ್ ಎಂಬ ಪೇಟೆಯಲ್ಲಿ ಅಂಗಿಯ ಬಟ್ಟೆ ಕೊಳ್ಳಲು ಹೋದರೆ ಥಾನನ್ನು, ಇಡೀ ಬಟ್ಟೆಯ ಸುರುಳಿಯನ್ನೇ, ಬಿಸಿಲಿಗೆ ತಂದು ಬಣ್ಣ ನೋಡುತ್ತೇನೆ, ನೆರಳಿಗೆ ಒಯ್ದು ನೋಡುತ್ತೇನೆ, ಕಡೆಗೆ ಬಿಸಿಲಿನ ಮೇಲೆಯೇ ಸಂಶಯ ಬಂದು ಬರಿಗೈಯಲ್ಲಿ ಮರಳುತ್ತೇನೆ. "ನಿಮಗ ಪಂಚಾಂಗದಾಗ ಸೋಮವಾರ ಅಂತಿದ್ರೂ ಓಣಿಯಾಗ ಇಬ್ಬರನ್ನ ಕೇಳಬೇಕು" ಎಂದು ಹೆಂಡತಿ ಅನ್ನುತ್ತಾಳೆ. ಕೇಳಿದ್ದೇನೆ ಕೂಡ. ಪಂಚಾಂಗ ಹಿಂದಿನ ವರ್ಷದ್ದಾಗಿತ್ತು.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಕಲಬುರಗಿಯಲ್ಲಿ ಕನ್ನಡ ಮಾಸ್ತರನಾಗಿದ್ದೆ, ಮನೆ ಶಹಾಬಜಾರದಲ್ಲಿ. ನನ್ನ ಜೊತೆ ಓದಿದ ಬಸಣ್ಣ ಹತ್ತಿರದ ಕಮಲಾಪುರದಲ್ಲಿ ತಂಬು ಹಾಕಿ ಟೂರಿಂಗ್ ಟಾಕೀಸು ನಡೆಸುತ್ತಿದ್ದ. ಕಲಬುರಗಿಯ ಜಗತ್ ಸರ್ಕಲ್ಲಿನ ಕಡೆಯ ಒಬ್ಬ ಏಜೆಂಟನಿಂದ ಹಳೆಯ ಇಂಗ್ಲಿಷ್ ಸಿನಿಮಾಗಳನ್ನು ತರುತ್ತಿದ್ದ. ರೀಲಿನ ಡಬ್ಬಿಗಳು ಬರುವುದಕ್ಕೆ ವಾರ ಮೊದಲೇ ಪೋಸ್ಟರು ಬರುತ್ತಿತ್ತು. ಅದರ ಮೇಲಿನ ಇಂಗ್ಲಿಷನ್ನು ಕಮಲಾಪುರದಲ್ಲಿ ಓದುವವರು ಯಾರು? ಹೀಗಾಗಿ ಬಸಣ್ಣ ಪೋಸ್ಟರನ್ನು ಸುರುಳಿ ಸುತ್ತಿಕೊಂಡು ನಮ್ಮ ಮನೆಗೆ ಬಂದು ಹೊರಸಿನ ಮೇಲೆ ಹರವುತ್ತಿದ್ದ. "ಹೆಸರು ಇಡಪಾ ಮಾಸ್ತರ. ನಾಳಿ ಛಾಪಖಾನಿಗೆ ಕೊಡಬೇಕಾಗ್ಯದ." ನಾನು ಚಿತ್ರ ನೋಡಿ ಹೆಸರು ಹೇಳುತ್ತಿದ್ದೆ. ಅದನ್ನು ಉದ್ದನೆಯ ಚೀಟಿಯಲ್ಲಿ ಅಚ್ಚು ಹಾಕಿಸಿ ಪೋಸ್ಟರಿನ ಕೆಳಗೆ ಅಂಟಿಸುತ್ತಿದ್ದ.

ಮೊದಲ ಪೋಸ್ಟರಿನಲ್ಲಿ ಆಕಾಶದಿಂದ ಒಂದು ಲೋಹದ ಆಕಾರ ಇಳಿಯುತ್ತಿತ್ತು, ಕೆಳಗೆ ಮಂದಿ ಓಡುತ್ತಿದ್ದರು. 'ಗಗನ ಕಂಟಕ' ಅಂದೆ. ಕಮಲಾಪುರದವರು ಅಷ್ಟು ಸಂಸ್ಕೃತ ತಮಗೆ ಬೇಡವೆಂದು ಆ ಯಂತ್ರವನ್ನು ತಗಡಪ್ಪ ಎಂದು ಕರೆದರು. ತಂಬು ತುಂಬಿತು. ಆರು ತಿಂಗಳಿಗೆ ಅದೇ ತಗಡಪ್ಪನ ಎರಡನೆಯ ಸಿನಿಮಾ ಬಂತು. ಈಗ ಶುರುವಾಯಿತು ನೋಡಿ ನನ್ನ ಕಷ್ಟ.

ಮೊದಲ ಮಗುವಿಗೆ ಹೆಸರಿಡುವುದು ಸಲೀಸು. ಎರಡನೆಯದಕ್ಕೆ ಮೊದಲನೆಯದು ಅಡ್ಡ ಬರುತ್ತದೆ. 'ಭಾಗ ಎರಡು' ಅಂದರೆ, ಒಂದನ್ನು ನೋಡದವನು ನನಗೇನು ತಿಳಿದೀತು ಎಂದು ಬರುವುದಿಲ್ಲ, ನೋಡಿದವನು ಒಮ್ಮೆ ನೋಡಿದ್ದೇ ಆಯಿತಲ್ಲ ಎಂದು ಬರುವುದಿಲ್ಲ. ಬೇರೆ ಹೆಸರೇ ಇಟ್ಟರೆ ಇದು ತಗಡಪ್ಪನದೇ ಎಂದು ಗುರುತು ಹತ್ತುವುದಿಲ್ಲ. ನಮ್ಮ ಹಿರಿಯರು ಈ ಗಂಟನ್ನು ಎಂದೋ ಬಿಡಿಸಿದ್ದರು. ಅಜ್ಜನ ಹೆಸರು ಮೊಮ್ಮಗನಿಗೆ, ಒಂದೇ ಮನೆಯಲ್ಲಿ ದೊಡ್ಡ ಶರಣಪ್ಪ, ಸಣ್ಣ ಶರಣಪ್ಪ, ನಡುವೆ ಬರೀ ಶರಣಪ್ಪ. ಪುರಾಣ ಹೇಳುವವರೂ ಸತ್ತ ರಾಕ್ಷಸನಿಗೆ ಒಬ್ಬ ತಮ್ಮನನ್ನೋ ಮಗನನ್ನೋ ಹುಡುಕಿ ತಂದು ಶ್ರಾವಣವನ್ನು ದಾಟಿಸುತ್ತಾರೆ. ಆ ತಮ್ಮ ಅಲ್ಲಿಯತನಕ ಎಲ್ಲಿದ್ದ ಎಂದು ನಾನು ಚಿಕ್ಕಂದಿನಲ್ಲಿ ಕೇಳಿ ಅಜ್ಜಿಯಿಂದ ತಲೆಗೆ ಮೊಟಕಿಸಿಕೊಂಡಿದ್ದೇನೆ. ಅಂತೂ 'ಮತ್ತೆ ಬಂತು ಗಗನ ಕಂಟಕ' ಎಂದು ಬರೆದುಕೊಟ್ಟೆ. ಅದೂ ನಡೆಯಿತು.

ಮೂರನೆಯ ಪೋಸ್ಟರಿನಲ್ಲಿ ತಗಡಪ್ಪ ಸಾವಿರ ಚೂರಾಗಿದ್ದ. ಕೈ ಒಂದು ಕಡೆ, ತಲೆ ಒಂದು ಕಡೆ. ಜನ್ಮದಲ್ಲಿ ಒಮ್ಮೆ ನನಗೆ ಸಂಶಯ ಬರಲಿಲ್ಲ. 'ಗಗನ ಕಂಟಕದ ಕೊನೆ' ಎಂದು ಗಟ್ಟಿಯಾಗಿ ಬರೆದೆ. ಬಸಣ್ಣ ಅಷ್ಟಕ್ಕೇ ಬಿಡಲಿಲ್ಲ. ಟಾಂಗಾಕ್ಕೆ ಮೈಕು ಕಟ್ಟಿಸಿ ಊರೆಲ್ಲ ಸಾರಿದ: "ಇದೇ ಕೊನೀದು ನೋಡ್ರಿ! ಇನ್ನ ಮ್ಯಾಲ ತಗಡಪ್ಪ ಬರಂಗಿಲ್ಲ! ಕಲಬುರಗಿ ಮಾಸ್ತರು ಖಾತ್ರಿ ಮಾಡಿ ಬರದಾರ!" ಸುತ್ತಲಿನ ಊರುಗಳಿಂದ ಮಂದಿ ಬಂದು ತಗಡಪ್ಪನ ಸಾವನ್ನು ನೋಡಿ ಹೋದರು. ಕೆಲವು ಹೆಂಗಸರು ಕಣ್ಣೊರೆಸಿಕೊಂಡರಂತೆ.

ಸಾರಿದ್ದರಲ್ಲಿ ಅಪಾಯವಿತ್ತು. ಬಸಣ್ಣನಿಗಿಂತ ಮೊದಲು ಆ ಬಯಲಿನಲ್ಲಿ ತಂಬು ಹಾಕಿದ್ದವನು ಹಳೆಯ ಸಿನಿಮಾಗಳಿಗೇ ಹೊಸ ಹೆಸರಿನ ಚೀಟಿ ಅಂಟಿಸಿ ತೋರಿಸಿದ್ದ. ಮೂರನೆಯ ಸಲ ಮಂದಿ ಬೆಂಚು ಮುರಿದು, ಹಗ್ಗ ಕಡಿದು, ತಂಬನ್ನೇ ಅವನ ಮೇಲೆ ಕೆಡವಿದ್ದರು. ಬಯಲು ಊರ ಗೌಡರದು. ಬಸಣ್ಣನಿಗೆ ಕೊಡುವಾಗ ಅವರು ಒಂದೇ ಮಾತು ಹೇಳಿದ್ದರು: "ಹೆಸರಿನಾಗ ಮೋಸ ಆಗಬಾರದು. ಆತೋ, ಮರುದಿನ ತಂಬಿನ ಗಳಾ ಕಿತ್ತಿಕೊಂಡು ಹೊಂಡಬೇಕು." ಬಸಣ್ಣನಿಗೆ ಆ ತಂಬು ಬಿಟ್ಟರೆ ಬೇರೆ ಬದುಕಿರಲಿಲ್ಲ.

ನಾಲ್ಕನೆಯ ಪೋಸ್ಟರು ಬಂದ ದಿನ ಅವನು ಅದನ್ನು ಹೊರಸಿನ ಮೇಲೆ ಹರವಲಿಲ್ಲ, ಕೈಯಲ್ಲೇ ಹಿಡಿದು ನಿಂತ. ನಾನೇ ಬಿಚ್ಚಿದೆ. ತಗಡಪ್ಪ ಇಡಿಯಾಗಿ ನಿಂತಿದ್ದ. ಮೈಮೇಲೆ ಒಂದು ಗೀರೂ ಇರಲಿಲ್ಲ.

"ಇದು ಮುಂದಿನ ಕತಿಯೋ, ಹಿಂದಿನದೋ?" ಎಂದೆ.

"ನೀ ಖಾತ್ರಿ ಮಾಡಿ ಬರದಾಂವ. ನನ್ನ ಕೇಳ್ತೀ?"

ನನ್ನ ಸಂಶಯದ ನಾಯಿಗಳನ್ನೆಲ್ಲ ಒಟ್ಟಿಗೆ ಬಿಟ್ಟೆ. ಏಜೆಂಟನ ಮೇಲೆ ಸಂಶಯ, ಮೂರನೆಯದಕ್ಕಿಂತ ಮೊದಲು ಬರಬೇಕಾದದ್ದನ್ನು ತಡಮಾಡಿ ಈಗ ಕಳಿಸಿದ್ದಾನೋ ಏನೋ. ಆ ದೇಶದ ಸಿನಿಮಾದವರ ಮೇಲೆ ಸಂಶಯ, ಲಾಭಕ್ಕಾಗಿ ಸತ್ತವನನ್ನು ಎಬ್ಬಿಸಿದ್ದಾರೆ. ಚೂರಾದದ್ದು ತಗಡಪ್ಪನೋ ಅವನ ಹಾಗಿದ್ದ ಬೇರೊಬ್ಬನೋ? ಇಷ್ಟೆಲ್ಲ ಹೊಳೆದ ತಲೆಗೆ ಮೂರು ಸಿನಿಮಾಗಳಲ್ಲಿ ಒಂದನ್ನಾದರೂ ಹೋಗಿ ನೋಡಬೇಕಿತ್ತು ಎಂಬುದು ಮಾತ್ರ ಹೊಳೆದಿರಲಿಲ್ಲ. ನಿಜ ಹೇಳಲೇ? ತಂಬಿನಲ್ಲಿ ನೆಲದ ಮೇಲೆ ಕೂತ ಮಾಸ್ತರನನ್ನು ಯಾರಾದರೂ ಕಂಡರೆ ಮರ್ಯಾದೆ ಏನಾದೀತೆಂಬ ಬಿಂಕ.

"ಹೊಸಾ ಹೆಸರು ಇಡೋಣ" ಎಂದೆ. "ಲೋಹದ ಲೋಕ. ತಗಡಪ್ಪನ ಸುದ್ದೀನೇ ಬ್ಯಾಡ."

ಬಸಣ್ಣ ನನ್ನನ್ನೇ ನೋಡಿದ. "ಅದಕ್ಕೇ ಹಿಂದಿನಂವನ ಮ್ಯಾಲ ತಂಬು ಬಿತ್ತಲ್ಲೋ."

ಆದರೂ ಅಚ್ಚು ಹಾಕಿಸಿದೆವು, ಬೇರೆ ದಾರಿ ಕಾಣದೆ. ವಾರ ಕಳೆದು ರೀಲಿನ ಡಬ್ಬಿಗಳೂ ಬಂದವು. ಆ ಭಾನುವಾರ ಮಧ್ಯಾಹ್ನ ಚೀಟಿಗಳ ಕಟ್ಟನ್ನು ಚೀಲದಲ್ಲಿಟ್ಟುಕೊಂಡು ಇಬ್ಬರೂ ಕಮಲಾಪುರದ ಬಸ್ಸು ಹತ್ತಿದೆವು. ದಾರಿಯಲ್ಲಿ ನನಗೆ ನಾಚಿಕೆಯಾಗತೊಡಗಿತು. ಜಗತ್ತಿನಲ್ಲಿ ಯಾರೂ ಮೋಸ ಮಾಡಬಾರದೆಂದು ಥಾನುಗಳನ್ನು ಬಿಸಿಲಿಗೆ ಹೊತ್ತವನು ಈಗ ಮೋಸವನ್ನು ಅಚ್ಚು ಹಾಕಿಸಿ ಚೀಲದಲ್ಲಿ ಹೊತ್ತಿದ್ದೆ.

ತಂಬಿನ ಮುಂದೆ ಗೌಡರು ಆಗಲೇ ಕುರ್ಚಿ ಹಾಕಿಸಿ ಕೂತಿದ್ದರು. ಸುತ್ತ ಇಪ್ಪತ್ತು ಮೂವತ್ತು ಮಂದಿ. ಪಕ್ಕದಲ್ಲಿ ಊರಿನ ಕೆಂಪು ಬಾಳೆಹಣ್ಣಿನ ಬುಟ್ಟಿ ಇಟ್ಟುಕೊಂಡು ಸಾಕವ್ವ ಕೂತಿದ್ದಳು. ಐವತ್ತು ದಾಟಿದ ಹೆಂಗಸು, ಪ್ರತಿ ಆಟಕ್ಕೂ ಗೇಟಿನಲ್ಲಿ ಹಣ್ಣು ಮಾರಿ ಕಡೆಗೆ ಒಳಗೆ ಬಂದು ನೋಡುವವಳು. ನಮಗಿಂತ ಮೊದಲೇ ಬಸಣ್ಣನ ಆಳುಗಳು ಚೀಟಿಯಿಲ್ಲದ ಪೋಸ್ಟರನ್ನು ಗಳಕ್ಕೆ ಕಟ್ಟಿಬಿಟ್ಟಿದ್ದರು. ತಗಡಪ್ಪ ಎಲ್ಲರನ್ನೂ ನೋಡುತ್ತ ನಿಂತಿದ್ದ.

"ಬರ್ರಿ ಮಾಸ್ತರ್ರ" ಎಂದರು ಗೌಡರು. "ಇಂವ ಸತ್ತಂವ ಹೌದೋ ಅಲ್ಲೋ?"

ಚೀಲದೊಳಗೆ ನನ್ನ ಕೈ ಚೀಟಿಯ ಮೇಲಿತ್ತು. ಬೇರೆ ಸಿನಿಮಾ ಅಂದರೆ ಮುಗಿಯುತ್ತಿತ್ತು. ಬಸಣ್ಣನ ಮುಖ ನೋಡಿದೆ, ಬಾಯಿ ತಾನಾಗಿ ತೆರೆಯಿತು.

"ಗೌಡ್ರ, ಖರೇ ಹೇಳ್ತೀನಿ. ನಾ ಮೂರರಾಗ ಒಂದೂ ನೋಡಿಲ್ರಿ. ಪೋಸ್ಟರ್ ನೋಡಿ ಹೆಸರಿಟ್ಟೀನಿ. ಒಡದು ಚೂರಾಗಿದ್ದ, ಕೊನಿ ಅಂತ ಬರದೆ. ತಪ್ಪು ನಂದು. ಬಸಣ್ಣಂದಲ್ಲ."

"ನೋಡಲಾರದೇ ಖಾತ್ರಿ ಮಾಡಿದ್ರಿ?" ಎಂದರು ಗೌಡರು. ಸಿಟ್ಟೋ ಸೋಜಿಗವೋ ಗೊತ್ತಾಗಲಿಲ್ಲ. ಹಿಂದಿನಿಂದ ಯಾರೋ "ತಂಬು ಕೀಳಸ್ರಿ ಗೌಡ್ರ!" ಎಂದು ಕೂಗಿದರು. ಬಸಣ್ಣ ಗಳವನ್ನು ಹಿಡಿದುಕೊಂಡ.

ಆಗ ಸಾಕವ್ವ ಬುಟ್ಟಿಯ ಮೇಲಿನ ಅರಿವೆ ಸರಿಮಾಡುತ್ತ ಕೇಳಿದಳು. "ಗೌಡ್ರ, ನನ್ನ ಹೆಸರೇನ್ರಿ?"

"ಸಾಕವ್ವ. ಊರಿಗೇ ಗೊತ್ತದಲ್ಲ."

"ಯಾಕ ಇಟ್ರು ಅಂಬೋದೂ ಗೊತ್ತದ. ನನ್ನ ಮುಂದ ನಾಲ್ಕು ಮಂದಿ ಅಕ್ಕಂದೇರು. ನಾ ಹುಟ್ಟಿದ ಮ್ಯಾಲ ಇನ್ನ ಹೆಣ್ಣು ಸಾಕು ಅಂತ ನಮ್ಮಪ್ಪ ಸಾಕವ್ವ ಅಂದ. ನನ್ನ ಹಿಂದ ಮತ್ತ ಇಬ್ಬರು ಹೆಣ್ಣೇ ಬಂದ್ರು. ಊರಾಗ ಯಾರರ ನಮ್ಮಪ್ಪಗ ಮೋಸಗಾರ ಅಂದಾರೇನ್ರಿ? ಬರೋರು ಹೆಸರು ಕೇಳಿ ನಿಲ್ತಾರೇನು? ನನ್ನ ಹೆಸರಿಗೆ ಅಂಜಿ ಅವರು ನಿಂತಿದ್ರ ನನಗ ತಂಗೇರೇ ಇರ್ತಿದ್ದಿಲ್ಲ."

ಮೊದಲು ನಕ್ಕವರು ಗೌಡರು. ಆಮೇಲೆ ತಂಬು ಕೀಳಿಸಿರಿ ಎಂದವನೂ ನಕ್ಕ. "ಜಾಗಾ ನಿಂದೇ ಬಸಣ್ಣ" ಎಂದರು ಗೌಡರು. "ಆದ್ರ ತಪ್ಪಾಗ್ಯದ ಅಂಬೋದು ಬರದು ಹಚ್ಚು. ಮಾಸ್ತರ್ರು ಒಳಗ ಕುಂತು ನೋಡಬೇಕು. ಪೂರಾ."

'ಲೋಹದ ಲೋಕ'ದ ಚೀಟಿಯೊಂದನ್ನು ತಿರುವಿ ಹಾಕಿ ಹಿಂಬದಿಗೆ ಬಣ್ಣದಲ್ಲಿ ನನ್ನ ಕೈಯಾರೆ ಬರೆದೆ: 'ಗಗನ ಕಂಟಕ ಹೋಗಿಲ್ಲ. ಕೊನೆ ಎಂದದ್ದು ಮಾಸ್ತರ ತಪ್ಪು.' ಇಷ್ಟು ಉದ್ದದ, ಇಷ್ಟು ಪ್ರಾಮಾಣಿಕವಾದ ಸಿನಿಮಾ ಹೆಸರನ್ನು ನಾನು ಬೇರೆಲ್ಲೂ ಕಂಡಿಲ್ಲ. "ಇದು ಹೆಸರೋ, ಮಾಫಿ ಪತ್ರವೋ?" ಎಂದ ಬಸಣ್ಣ. ಅಂದೇ ಸಂಜೆ ನಿಲ್ಲಲು ಜಾಗವಿರಲಿಲ್ಲ. ಅರ್ಧ ಮಂದಿ ತಗಡಪ್ಪನನ್ನು ನೋಡಲು ಬಂದಿದ್ದರು, ಉಳಿದರ್ಧ ನನ್ನನ್ನು. ನಾನು ನೆಲದ ಮೇಲೆ ಕೂತು ಪೂರಾ ನೋಡಿದೆ. ಅದು ಮೂರನೆಯದಕ್ಕಿಂತ ಮುಂದಿನದೋ ಹಿಂದಿನದೋ ಎಂಬುದು ಈಗಲೂ ನನಗೆ ಅನುಮಾನವೇ.

ಇಂಟರ್ವಲ್ಲಿನಲ್ಲಿ ಹೊರಗೆ ಬಂದು ಸಾಕವ್ವನ ಬುಟ್ಟಿಯ ಮುಂದೆ ಕೂತೆ. "ನಿನ್ನ ಹಿಂದ ಬಂದಾಕಿಗೆ ಏನು ಹೆಸರಿಟ್ರವ್ವಾ?" ಎಂದು ಕೇಳಿದೆ.

"ಬಂಗಾರವ್ವ ಅಂತಿಟ್ರು. ಸಾಕು ಅಂದದ್ದಕ್ಕ ನಮ್ಮಪ್ಪಗ ಆಮ್ಯಾಲ ಹೊಟ್ಯಾಗ ಚುರುಕ್ ಅಂದಿರಬೇಕು."

ತಂಗಿಗೆ ಬಂಗಾರ ಸಿಕ್ಕಿತು, ಅಪ್ಪ ತಪ್ಪು ಒಪ್ಪಿಕೊಂಡಂತಾಯಿತು. ಇವಳನ್ನು ಮಾತ್ರ ಊರು ಐವತ್ತು ವರ್ಷದಿಂದ ಸಾಕು ಸಾಕು ಎಂದೇ ಕೂಗುತ್ತಿತ್ತು. ಹೆಸರಿಡುವವನ ಹಳೆಯ ಚಟ, ಸುಮ್ಮನಿರಲಾರದೆ ಕೇಳಿದೆ. "ನನ್ನ ಹೆಸರೂ ಬದಲಿ ಮಾಡ್ರಿ ಅಂತ ನೀ ಅಪ್ಪಗ ಒಮ್ಮೆರ ಅನ್ನಲಿಲ್ಲೇನು?"

ಸಾಕವ್ವ ಬುಟ್ಟಿಯಲ್ಲಿನ ಒಳ್ಳೆಯ ಹಣ್ಣೊಂದನ್ನು ಆರಿಸಿ ನನ್ನ ಕೈಗೆ ಕೊಟ್ಟಳು.

"ಛೇ, ಬಿಡ್ರಿ ಮಾಸ್ತರ್ರ. ಹೊಸಾ ಹೆಸರು ಹಚ್ಚಿದ್ರ, ಈಕಿ ಹಳೀ ಸಿನಿಮಾ ಅಂತ ಮಂದಿ ಸಂಶಯ ಪಡ್ತಾರ."