ಮಾತು ಮುಗಿಯುವ ಮೊದಲೇ ತಿಂದ ಎಲೆ

ನಮ್ಮ ಇತಿಹಾಸದ ಮಾಸ್ತರರ ಬಲಗೈ ಬೆರಳಿಗೆ ಸೀಮೆಸುಣ್ಣ, ಎಡಗೈ ಬೆರಳಿಗೆ ಎಲೆಗೆ ಹಚ್ಚುವ ಸುಣ್ಣ. ತುಟಿ ಸದಾ ಕೆಂಪು. ಮಾನ್ವಿಯ ಕಾಲೇಜಿನಲ್ಲಿ ಬೋರ್ಡಿನ ಮೇಲೆ ಬರೆಯುತ್ತಲೇ ಜೇಬಿನ ಅಡಿಕೆ ತಡಕುತ್ತಿದ್ದರು. ಕಲೆಯಿಲ್ಲದ ಅಂಗಿ ಅವರಲ್ಲಿ ಒಂದೂ ಇರಲಿಲ್ಲ.

ಹಾಂಗ್‌ಕಾಂಗ್ ಪಾಠವನ್ನು ಅವರು ಆಡಿಸಿಯೇ ಕಲಿಸುತ್ತಿದ್ದರು. ಅಲ್ಲಿಯ ಬಹುಪಾಲು ನೆಲವನ್ನು ಬ್ರಿಟಿಷರು ಚೀನಾದಿಂದ ತೊಂಬತ್ತೊಂಬತ್ತು ವರ್ಷಕ್ಕೆ ಲೀಜಿಗೆ ಪಡೆದಿದ್ದರು; ಅವಧಿ ಮುಗಿಯುತ್ತ ಬಂದಾಗ ಎರಡೂ ಸರ್ಕಾರಗಳು ಮಾತಿಗೆ ಕೂತವು. ಕ್ಲಾಸಿನಲ್ಲಿ ಒಂದು ಬೆಂಚು ಬ್ರಿಟನ್ನಿಗೆ, ಎದುರಿನದು ಚೀನಾಕ್ಕೆ. ನನ್ನತ್ತ ಬೆರಳು ಮಾಡಿ, "ನೀ ಹಾಂಗ್‌ಕಾಂಗ್. ಬಾಗಿಲ ಹೊರಗ ನಿಂದ್ರು," ಎಂದರು.

"ನನ್ನ ಬಗ್ಗೇನ ಮಾತಾಡಾಕತ್ತಾರ, ನಾ ಯಾಕ್ ಹೊರಗ್ರಿ ಸರ್?"

"ಹಾಂಗ್‌ಕಾಂಗ್ ಮಂದೀನೂ ಅದನ್ನ ಕೇಳಿದ್ರವ್ವಾ. ಯಾರೂ ಒಳಗ ಕರೀಲಿಲ್ಲ."

ಎಲ್ಲರೂ ನಕ್ಕರು. ನನಗೆ ಅಳು ಬಂತು. ಅಪ್ಪ ಸತ್ತ ಮೇಲೆ ಹಿರೇಕೊಟ್ನೆಕಲ್‌ನಲ್ಲಿ ಅವ್ವ ಒಬ್ಬಳೇ ಲಾವಣಿಗೆ, ಅಂದರೆ ಗುತ್ತಿಗೆಗೆ, ಮಾಡುತ್ತಿದ್ದ ಹೊಲದ ಅವಧಿ ಆ ಯುಗಾದಿಗೆ ಮುಗಿಯುತ್ತಿತ್ತು. ಹೊಲದ ಧಣಿ ಅದನ್ನು ಅಕ್ಕಿ ಗಿರಣಿಯ ಸಾಹುಕಾರರಿಗೆ ಕೊಡುವ ಮಾತು ನಡೆಸಿದ್ದರು. ಹೊಲ ಹೋದರೆ ಅದರ ಬದಿಯ ನಮ್ಮ ಮನೆಯೂ ಹೋಗುತ್ತಿತ್ತು. ಬಾಗಿಲಲ್ಲೇ ನಿಂತು ಇದನ್ನೆಲ್ಲ ಹೇಳಿದೆ. ಆ ಧಣಿ ಮಾನ್ವಿಯಲ್ಲಿ ಮಾಸ್ತರರ ಪಕ್ಕದ ಮನೆಯವರೇ.

ಮಾತಿನ ದಿನ ಮಾಸ್ತರರು ಯಾರೂ ಕರೆಯದೆಯೇ ಧಣಿಯ ಪಡಸಾಲೆಯಲ್ಲಿ ಹೋಗಿ ಕೂತರು. ಅವ್ವ, ನಾನು ಅಂಗಳದಲ್ಲಿ ನಿಂತಿದ್ದೆವು. ನಮ್ಮ ಕಡೆ ಲಾವಣಿ ಮಾತಿಗೆ ನಡುವೆ ಎಲೆ-ಅಡಿಕೆಯ ತಟ್ಟೆ ಇಡುತ್ತಾರೆ. ಮಾತು ಕುದುರಿ ಎರಡೂ ಕಡೆಯವರು ಎಲೆ ಹಿಡಿದರೆ ಮುಗಿಯಿತು. ಅಲ್ಲಿಯವರೆಗೆ ಯಾರೂ ಮುಟ್ಟುವಂತಿಲ್ಲ. ಸಾಹುಕಾರರು ಕೈ ಚಾಚುವಷ್ಟರಲ್ಲಿ ಮಾಸ್ತರರು ಎಲೆ ಎತ್ತಿ, ಸುಣ್ಣ ಸವರಿ, ಬಾಯಿಗೆ ಹಾಕಿಕೊಂಡುಬಿಟ್ಟರು.

ಧಣಿ ಹಣೆ ಬಡಿದುಕೊಂಡರು. "ಮಾತು ಕೆಡಿಸಿಬಿಟ್ರಲ್ರೀ ಮಾಸ್ತರ್ರ!"

"ತಪ್ಪಾತ್ರೀ, ಸುಡುಗಾಡು ಚಟ. ಹೊಸ ಎಲಿ ತರಸ್ರಿ, ಮೊದಲಿಂದ ಮಾತಾಡ್ರಿ. ಹೆಂಗೂ ಮೊದಲಿಂದ ಅಂದಮ್ಯಾಲ ಹೊಲ ಮಾಡೋ ಆ ತಂಗೀನೂ ಒಳಗ ಬರ್ಲಿ."

ಅವ್ವ ಜಮಖಾನೆಯ ಅಂಚಿಗೆ ಕೂತಳು. "ಯಪ್ಪಾ, ನಾ ಹೊಲ ಬಿಡ್ತೀನಿ ಅಂತ ಯಾವಾಗ ಅಂದೀನ್ರಿ?"

"ಬಿಟ್ಟಾಳ ಅಂದಿದ್ರಲ್ರೀ?" ಎಂದು ಸಾಹುಕಾರರು ಧಣಿಯತ್ತ ನೋಡಿ ಎದ್ದು ಹೋದರು. ಹೊಸ ಎಲೆ ಹಿಡಿದದ್ದು ಅವ್ವ.

ಅದು ಚಟವೋ ಹೂಟವೋ ಎಂದು ಆಮೇಲೆ ಎಷ್ಟೋ ಸಲ ಕೇಳಿದೆ. "ಬಾಯಾಗ ಎಲಿ ಅದ, ಮಾತಾಡಾಕ ಬರಲ್ಲ," ಎನ್ನುತ್ತಿದ್ದರು. ಮಹಾ ತುಂಟ ಮನುಷ್ಯ.

ಹೋದ ವರ್ಷ ತಮ್ಮೂರು ಜಾಲಹಳ್ಳಿಯಲ್ಲಿ ತೀರಿಕೊಂಡರು. ರಾಯಚೂರಿನಲ್ಲಿ ಈಗ ಅದೇ ಪಾಠ ಹೇಳುವವಳು ನಾನು. ಸುದ್ದಿ ಕೇಳಿ ಕ್ಲಾಸು ಬಿಟ್ಟು ಅವ್ವನನ್ನು ಕೊನೆಯ ದರ್ಶನಕ್ಕೆ ಕರೆದುಕೊಂಡು ಹೋದೆ. ಹೊಲ ಇವತ್ತಿಗೂ ಅವಳ ಕೈಯಲ್ಲೇ ಇದೆ. ಅವ್ವ ಸೆರಗಿನ ಗಂಟು ಬಿಚ್ಚಿ, ಎಲೆ-ಅಡಿಕೆ ತೆಗೆದು ಮಾಸ್ತರರ ಎಡಗೈಯಲ್ಲಿಟ್ಟಳು.

"ತಿನ್ರಿ ಯಪ್ಪಾ. ಈಗ ಮಾತು ಮುಗದದ."