ತೊಳೆಯುವವರು ಮೊದಲು ಮಾತಾಡಲಿ

ನಾಸಿಕದಲ್ಲಿ ಸಲಹೆ ಕೇಳಲು ನನ್ನೆದುರು ಬಂದು ಕೂತ ಮೊದಲ ಕುಟುಂಬದಲ್ಲಿ ಏಳು ಜನರಿದ್ದರು. ಲಾಸಲಗಾಂವ್‌ನ ಈರುಳ್ಳಿ ವ್ಯಾಪಾರಿಗಳು. ಲಕ್ವಾ ಹೊಡೆದು ಹಾಸಿಗೆ ಹಿಡಿದ ತಂದೆಯ ಬಗ್ಗೆ ಜಗಳ. ಅವರನ್ನು ತೊಳೆದು, ಉಣಿಸಿ, ಮಗ್ಗುಲು ಹೊರಳಿಸುವವರು ಯಾರು ಎಂದು ಕೇಳಿದೆ. ‘ಸೂನಬಾಯಿ’ ಎಂದ ಹಿರಿಯ ಮಗ. ಸೊಸೆಯನ್ನು ಇಲ್ಲಿ ಅಕ್ಕರೆಯಿಂದ ಹಾಗೆ ಕರೆಯುತ್ತಾರೆ. ಅವಳೆಲ್ಲಿ ಎಂದರೆ, ‘ತಿಲಾ ಕಾಯ್ ವಿಚಾರಾಯಚಂ?’ ಅವಳನ್ನೇನು ಕೇಳುವುದು ಅಂತ. ಏಳೂ ಜನ ನಕ್ಕರು.

ನನಗೆ ಮೈಯೆಲ್ಲ ಉರಿಯಿತು. ಅವಳನ್ನು ಕರೆತರದೆ ಇನ್ನು ಬರಬೇಡಿ ಎಂದು ಕಳಿಸಿಬಿಟ್ಟೆ.

ಗಂಡನಿಗೆ ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ, ಎರಡು ಸಾವಿರದ ದಶಕದ ಆರಂಭದಲ್ಲಿ ಭಾಲ್ಕಿಯಿಂದ ಇಲ್ಲಿಗೆ ಬಂದವಳು ನಾನು. ನಮ್ಮ ಜೋಳದ ರೊಟ್ಟಿ ಇಲ್ಲಿ ಸಜ್ಜೆಯ ಭಾಕರಿಯಾಗಿತ್ತು. ಭಾಲ್ಕಿಯಲ್ಲಿ ಮರಾಠಿ ಕೇಳಿ ಬೆಳೆದವಳಾದರೂ ಇಲ್ಲಿನವರ ವೇಗಕ್ಕೆ ತಡವರಿಸುತ್ತಿದ್ದೆ. ಮಧ್ಯಾಹ್ನವೆಲ್ಲ ಕನ್ನಡದಲ್ಲಿ ಒಂದು ಮಾತಾಡಲು ಜನರಿಲ್ಲದೆ ಗೋಡೆ ನೋಡುತ್ತ ಕೂತಿರುತ್ತಿದ್ದೆ. ವಯಸ್ಸಾದವರ ಮನೆಯವರಿಗೆ ಸಲಹೆ ಹೇಳುವ ಕೆಲಸ ಸಿಕ್ಕ ಮೇಲೆಯೇ ಊರು ನನ್ನನ್ನು ಗುರುತಿಸಿತು. ‘ಕಾನಡಿ ಮ್ಯಾಡಮ್’ ಎಂದು ಹೆಸರೂ ಬಿತ್ತು.

ಮುಂದಿನ ವಾರ ಆ ಸೊಸೆ ಬಂದಳು. ಅಂದೇ ನನ್ನ ಕೋಣೆಗೆ ಒಂದು ನೇಮ ಮಾಡಿದೆ: ತೊಳೆಯುವವರು ಮೊದಲು ಮಾತಾಡಬೇಕು, ಉಳಿದವರು ಬಾಯಿ ಮುಚ್ಚಿಕೊಂಡಿರಬೇಕು. ಅವಳು ಕೇಳಿದ್ದು ಇಷ್ಟೇ, ಎರಡು ದಿನ ತವರಿಗೆ ಹೋಗಬೇಕು. ಮೂರು ವರ್ಷದಿಂದ ಹೋಗಿರಲಿಲ್ಲ. ಕಳಿಸಲೇಬೇಕೆಂದು ಹಟ ಹಿಡಿದೆ. ಪುಣೆಯಿಂದ ಬಂದು ಅವಳ ಕೆಲಸದಲ್ಲಿ ಹುಳುಕು ಹುಡುಕುತ್ತಿದ್ದ ನಾದಿನಿಯ, ಅಂದರೆ ಆ ತಂದೆಯ ಮಗಳ, ಕೊರಳಿಗೇ ಆ ಎರಡು ದಿನ ಬಿತ್ತು. ಸಂಜೆಯೊಳಗೆ ಆಕೆ ಫೋನು ಮಾಡಿ, ‘ಯಾರಾದರೂ ಮಾವಶಿ ಸಿಗುತ್ತಾರಾ?’ ಎಂದಳು. ಸಂಬಳಕ್ಕೆ ಆರೈಕೆ ಮಾಡುವ ಹೆಂಗಸನ್ನೂ ಇಲ್ಲಿ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಾರೆ. ಚಿಕ್ಕಮ್ಮ ಎಂದುಬಿಟ್ಟರೆ ರಜೆ ಕೊಡಬೇಕಿಲ್ಲವಲ್ಲ.

ಊರಿಗೆ ಹೋದಾಗಲೆಲ್ಲ ಈ ಕತೆ ಹೇಳಿ ಮೆರೆಯುತ್ತಿದ್ದೆ. ತಮ್ಮನ ಹೆಂಡತಿ ಕಸ್ತೂರಿ ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು.

ಕೆಲವು ವರ್ಷಗಳ ಮೇಲೆ ನಮ್ಮವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಅವಳನ್ನು ಹೇಗೆ ನೋಡಿಕೊಳ್ಳಬೇಕೆಂದು ಪ್ರತಿ ಭಾನುವಾರ ನಾನು ನಾಸಿಕದಿಂದ ಫೋನಿನಲ್ಲಿ ಕಸ್ತೂರಿಗೆ ಪಾಠ ಹೇಳುತ್ತಿದ್ದೆ. ಬೇಸಿಗೆಯಲ್ಲಿ ಮನ್ಮಾಡ್‌ನಲ್ಲಿ ಗಾಡಿ ಬದಲಿಸಿ ಹೋಗಿ ನೋಡಿದರೆ ಅವ್ವನ ಬೆನ್ನ ಮೇಲೆ ರೂಪಾಯಿ ಅಗಲದ ಹುಣ್ಣು. ಹೆಗಲ ಚೀಲ ಇಳಿಸದೆಯೇ, ನೆರೆಯವರ ಮುಂದೆ, ಕಸ್ತೂರಿಯನ್ನು ತರಾಟೆಗೆ ತೆಗೆದುಕೊಂಡೆ. ತಮ್ಮ ತಲೆ ತಗ್ಗಿಸಿ ಕೂತಿದ್ದ.

ಕಸ್ತೂರಿ ಒದ್ದೆ ಕೈ ಒರೆಸಿಕೊಂಡಳು. ‘ಅಕ್ಕಾ, ತೊಳಿಯೋರು ಮೊದಲ ಮಾತಾಡಬೇಕು ಅಂತೀರಲ್ರಿ. ಆ ನೇಮ ನಾಸಿಕಕ್ಕ ಅಷ್ಟೇ ಏನ್ರಿ?’

ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ಮೊದಲು ಅವಳ ಮೇಲೇ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಆಮೇಲೆ ಚೀಲ ಇಳಿಸಿ ಕೂತು, ‘ಹೇಳು’ ಎಂದೆ.

‘ಎಂಟು ದಿನ ನೀವು ಇರ್ರಿ. ನಮ್ಮವ್ವನ ಮಾರಿ ನೋಡಿ ಬರ್ತೀನಿ.’

ಸೋಮವಾರ ನಾಸಿಕದಲ್ಲಿ ಎರಡು ಕುಟುಂಬಗಳು ನನಗಾಗಿ ಕಾಯುತ್ತಿದ್ದವು. ಅವರಿಗೆ ಬರುವುದಿಲ್ಲವೆಂದು ಹೇಳಿ ಉಳಿದೆ. ಇಷ್ಟು ವರ್ಷ ಬೇರೆಯವರಿಗೆ ಹೇಳಿಕೊಟ್ಟ ಕೆಲಸ ನನ್ನ ಕೈಗೇ ಬರುತ್ತಿರಲಿಲ್ಲ. ಬಟ್ಟೆ ಬದಲಿಸುವಾಗ ಅವ್ವ ಹಲ್ಲು ಕಚ್ಚುತ್ತಿದ್ದಳು, ನಾನು ಬೆವರುತ್ತಿದ್ದೆ.

ಐದನೆಯ ದಿನ ಅವಳ ಬೆನ್ನು ಒರೆಸುತ್ತಿದ್ದಾಗ ನಾವು ಕಾಕು ಎಂದು ಕರೆಯುವ ಪಕ್ಕದ ಮನೆಯ ಹೆಂಗಸು ಬಂದು, ಮಗಳು ಬಂದಾಳ, ಇನ್ನೇನು ಚಿಂತಿ ಎಂದರು.

ಅವ್ವ ಗೋಡೆಯ ಕಡೆಗೇ ಮುಖ ಮಾಡಿ ಹೇಳಿದಳು: ‘ಇಕಿ ನಾಸಿಕದಾಕಿ, ಹೋಗಾಕಿ. ನನ್ನ ಕಸ್ತೂರಿ ಎಂದ ಬರ್ತಾಳಂತ?’